ಬಾಗಿಲು ಕಾಯುವವನ ಹೆಸರು

ನಮ್ಮ ಸರಗೂರಿನ ಕಡೆಯ ಹಳ್ಳಿಗಳಲ್ಲಿ ಹಿರಿಯರೊಬ್ಬರನ್ನು ಕಂಡು, "ಏನಪ್ಪಾ, ನಿನ್ನ ಮಗ ಈಗ ಎಲ್ಲಿದ್ದಾನೆ?" ಎಂದು ಕೇಳಿದರೆ, "ಬೆಂಗ್ಳೂರ್ನಲ್ಲಿ ಸೆಕೂರಿಟಿ ಆಗವ್ನೆ ಸಾ" ಎಂಬ ಉತ್ತರ ಈಗ ಸರ್ವೇಸಾಮಾನ್ಯವಾಗಿಬಿಟ್ಟಿದೆ. ಒಂದು ತಲೆಮಾರಿನ ಹಿಂದೆ ಇದೇ ಪ್ರಶ್ನೆಗೆ 'ವಾಚ್‌ಮನ್' ಎಂಬ ಉತ್ತರ ಬರುತ್ತಿತ್ತು. ಅದಕ್ಕೂ ಹಿಂದೆ ಜವಾನ, ಪೇದೆ, ದಫೇದಾರ. ಕೆಲಸ ಬಹುಮಟ್ಟಿಗೆ ಅದೇ: ಬಾಗಿಲಲ್ಲಿ ನಿಲ್ಲುವುದು, ಬಂದವರನ್ನು ವಿಚಾರಿಸುವುದು, ಬಿಡುವವರನ್ನು ಬಿಡುವುದು, ತಡೆಯುವವರನ್ನು ತಡೆಯುವುದು. ಹೆಸರು ಮಾತ್ರ ಬದಲಾಗಿದೆ. ಹೆಸರು ಬದಲಾದರೆ ಏನಾಯಿತು ಎನ್ನುವವರು ಉಂಟು. ಕನ್ನಡದ ಪಾಠ ಹೇಳಿ ಬದುಕುವ ನನಗೆ ಹಾಗೆ ಸುಮ್ಮನಿರಲು ಬರುವುದಿಲ್ಲ. ಈ ಬದಲಾವಣೆಯಲ್ಲಿ ಒಬ್ಬ ಮನುಷ್ಯ ಕಣ್ಮರೆಯಾಗಿದ್ದಾನೆಂದು ನನ್ನ ಗುಮಾನಿ.

ಮೊದಲಿಗೆ ಪದದ ಮೈಕಟ್ಟನ್ನು ನೋಡೋಣ. ಇಂಗ್ಲಿಷಿನವರು ಆಡಿದ್ದು 'ಸೆಕ್ಯುರಿಟಿ ಗಾರ್ಡ್' ಎಂಬ ಜೋಡಿಪದವನ್ನು. ಅದರಲ್ಲಿ ಗಾರ್ಡ್ ಎಂಬುದು ಮನುಷ್ಯ, ಸೆಕ್ಯುರಿಟಿ ಎಂಬುದು ಅವನ ಕೆಲಸದ ಭಾವ. ಉದ್ದದ ಮಾತನ್ನು ಕತ್ತರಿಸುವುದು ಬಳಕೆಯ ಲಕ್ಷಣವೇ. 'ಮೊಬೈಲ್ ಫೋನ್' ಹೋಗಿ 'ಮೊಬೈಲ್' ಉಳಿದಂತೆ. ಆದರೆ ಇಲ್ಲಿ ಕತ್ತರಿ ಬಿದ್ದದ್ದು ಮನುಷ್ಯನ ಮೇಲೆ, ಉಳಿದದ್ದು ಭಾವ. ಕನ್ನಡದ ಸಹಜ ರೀತಿ ಹೀಗಲ್ಲ. ನಾವು ಹಾಲು ತರುವವನನ್ನು ಹಾಲು ಎನ್ನುವುದಿಲ್ಲ, ಹಾಲಿನವನು ಎನ್ನುತ್ತೇವೆ. ಪೇಪರಿನವನು, ಗೇಟಿನವನು, ಕರೆಂಟಿನವನು ಎಂದು ಪರಭಾಷೆಯ ಎಂಥ ವಸ್ತುವಿಗೂ ಒಂದು 'ಅವನು' ಹಚ್ಚಿ ಮನುಷ್ಯನನ್ನಾಗಿ ಮಾಡಿಕೊಳ್ಳುವ ಶಕ್ತಿ ನಮ್ಮ ಮಾತಿಗೆ ಇದೆ. 'ಸೆಕ್ಯುರಿಟಿಯವರು' ಎಂದು ಮರ್ಯಾದೆಯಾಗಿ ಕರೆಯುವವರೂ ಇಲ್ಲದಿಲ್ಲ. ಆದರೂ "ಸೆಕ್ಯುರಿಟಿಗೆ ಹೇಳು", "ಸೆಕ್ಯುರಿಟಿಯನ್ನು ಕೇಳು", "ಏಯ್ ಸೆಕ್ಯುರಿಟಿ" ಎಂಬ ಬೋಳು ರೂಪವೇ ನಗರದ ನಾಲಗೆಯಲ್ಲಿ ನಿಂತಿದೆ.

ಇನ್ನು ಮೂಲಕ್ಕೆ ಹೋದರೆ ಸ್ವಾರಸ್ಯ ಹೆಚ್ಚು. ಲ್ಯಾಟಿನ್ನಿನಲ್ಲಿ 'ಸೆ' ಎಂದರೆ ಇಲ್ಲದೆ, ಹೊರತಾಗಿ. 'ಕೂರಾ' ಎಂದರೆ ಚಿಂತೆ, ಕಾಳಜಿ, ಆರೈಕೆ. ಎರಡೂ ಸೇರಿ 'ಸೆಕೂರುಸ್' ಎಂದರೆ ಚಿಂತೆಯಿಲ್ಲದವನು. ಅದರ ಭಾವನಾಮ 'ಸೆಕೂರಿತಾಸ್', ನಮ್ಮ ಮಾತಿನಲ್ಲಿ ಹೇಳುವುದಾದರೆ ನಿಶ್ಚಿಂತೆ. ಸಿಸೆರೊ ಈ ಪದವನ್ನು ಬಳಸಿದ್ದು ಕೋಟೆ ಕೊತ್ತಲಗಳ ವಿಷಯದಲ್ಲಲ್ಲ, ದುಗುಡವಿಲ್ಲದ ಮನಸ್ಸಿನ ಸ್ಥಿತಿಯನ್ನು ಹೇಳುವುದಕ್ಕೆ. ಮುಂದೆ ರೋಮನ್ ಚಕ್ರವರ್ತಿಗಳು ಇದನ್ನು ಒಬ್ಬ ದೇವತೆಯನ್ನಾಗಿ ಮಾಡಿ ನಾಣ್ಯಗಳ ಮೇಲೆ ಅಚ್ಚು ಹಾಕಿಸಿದರು. ಆ ದೇವಿ ಒಂದು ಕಂಬಕ್ಕೆ ಒರಗಿಕೊಂಡು ಆರಾಮವಾಗಿ ನಿಂತಿರುತ್ತಾಳೆ. ಕಂಬಕ್ಕೆ ಒರಗಿ ನಿಂತದ್ದನ್ನು ಮೇಲ್ವಿಚಾರಕ ಕಂಡರೆ ಇಂದಿನ ನಮ್ಮ ಸೆಕ್ಯುರಿಟಿಯ ಗತಿ ಏನಾಗುತ್ತದೆಂಬುದನ್ನು ವಾಚಕರೇ ಊಹಿಸಬಹುದು. ಅದೇ 'ಕೂರಾ' ಮೂಲದಿಂದ ಇಂಗ್ಲಿಷಿನ ಕ್ಯೂರ್ ಬಂದಿದೆ, ವಸ್ತುಸಂಗ್ರಹಾಲಯದ ಕ್ಯುರೇಟರ್ ಬಂದಿದ್ದಾನೆ. ಕೆಲಸವಿಲ್ಲದೆ ಸಂಬಳ ತರುವ ಹುದ್ದೆಗೆ ಹೇಳುವ ಸಿನೆಕ್ಯೂರ್ ಕೂಡ ಈ ವಂಶದ್ದೇ.

ಹಾಗಾದರೆ ಸರಗೂರಿನ ಆ ತಂದೆಯ ಮಾತನ್ನು ಅಕ್ಷರಾರ್ಥಕ್ಕೆ ಇಳಿಸಿದರೆ ಏನಾಯಿತು? "ನನ್ನ ಮಗ ಬೆಂಗಳೂರಿನಲ್ಲಿ ನಿಶ್ಚಿಂತೆಯಾಗಿದ್ದಾನೆ." ರಾತ್ರಿಯಿಡೀ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುವವನ ಹೆಸರು ನಿಶ್ಚಿಂತೆ! ನಿಶ್ಚಿಂತೆ ಒಳಗೆ ಮಲಗಿದವರದು, ಹೊರಗೆ ಕುರ್ಚಿಯ ಮೇಲೆ ಕುಳಿತವನದು ಬರೀ ಚಿಂತೆ. ಒಳಗಿನವರ ಸುಖದ ಹೆಸರನ್ನು ಹೊರಗಿನವನ ಕೊರಳಿಗೆ ಬಿಲ್ಲೆ ಮಾಡಿ ಕಟ್ಟಿದ್ದಾರೆ.

ಈ ಹಳೆಯ ಅರ್ಥ ಇಂಗ್ಲಿಷಿನಲ್ಲಿಯೂ ಬಹುಕಾಲ ಬದುಕಿತ್ತು. ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ನಾಟಕ ಸುಮಾರು 1606ರದು. ಡಿ.ವಿ.ಜಿ.ಯವರು ಅದನ್ನು ಕನ್ನಡಕ್ಕೆ ತಂದಿರುವುದರಿಂದ ನಮ್ಮವರಿಗೆ ಅಪರಿಚಿತವೇನಲ್ಲ. ಅದರ ಮೂರನೆಯ ಅಂಕದಲ್ಲಿ ಮಾಟಗಾತಿಯರ ಒಡತಿ ಹೆಕೆಟಿ, ಮ್ಯಾಕ್‌ಬೆತ್ತನನ್ನು ಕೆಡಿಸುವ ಉಪಾಯ ಹೇಳುವಾಗ 'ಸೆಕ್ಯುರಿಟಿ'ಯನ್ನು ಮನುಷ್ಯನ ಹಗೆಯೆಂದು ಕರೆಯುತ್ತಾಳೆ. ಅಲ್ಲಿ ಅದರ ಅರ್ಥ ಕಾವಲು ಅಲ್ಲ. ಮೈಮರೆವು, ತನಗೇನೂ ಆಗದೆಂಬ ಹುಂಬ ಧೈರ್ಯ. ಆ ದೃಶ್ಯ ಶೇಕ್ಸ್‌ಪಿಯರನದಲ್ಲ, ಮಿಡ್ಲ್‌ಟನ್ನನದು ಎಂದು ಅನೇಕ ವಿದ್ವಾಂಸರ ಮತ. ಯಾರದಾದರೇನು, ಪದದ ಸಾಕ್ಷ್ಯ ಆ ಕಾಲದ್ದೇ.

ಅದೇ ನಾಟಕದ ಎರಡನೆಯ ಅಂಕದಲ್ಲಿ ಸಾಹಿತ್ಯದ ಅತ್ಯಂತ ಪ್ರಸಿದ್ಧ ಬಾಗಿಲುಗಾವಲಿನವನೂ ಬರುತ್ತಾನೆ. ರಾಜನ ಕೊಲೆಯಾಗಿದೆ. ಹೆಬ್ಬಾಗಿಲನ್ನು ಯಾರೋ ತಟ್ಟುತ್ತಿದ್ದಾರೆ. ಕುಡಿದ ಮತ್ತಿನಲ್ಲಿರುವ ಪೋರ್ಟರ್ ತಾನು ನರಕದ ಬಾಗಿಲು ಕಾಯುತ್ತಿರುವಂತೆ ಕಲ್ಪಿಸಿಕೊಂಡು, ಒಬ್ಬೊಬ್ಬ ಪಾಪಿಯನ್ನೂ ಹೆಸರಿಡಿದು ಒಳಗೆ ಕರೆಯುತ್ತಾನೆ. ಕೋಲ್‌ರಿಜ್ ಮಹಾಶಯ ಈ ಮಾತುಗಳನ್ನು ಬಹುಮಟ್ಟಿಗೆ ಗುಂಪಿನ ಮನರಂಜನೆಗಾಗಿ ಬೇರೆ ಯಾರೋ ಸೇರಿಸಿದ್ದೆಂದು ತಳ್ಳಿಹಾಕಿದ. ನನಗೆ ಈ ತೀರ್ಪು ಒಪ್ಪಿಗೆಯಿಲ್ಲ. ಡಿ ಕ್ವಿನ್ಸಿ 1823ರಲ್ಲಿ ಬರೆದ ಸಣ್ಣ ಪ್ರಬಂಧವೊಂದರಲ್ಲಿ ಆ ಬಾಗಿಲು ತಟ್ಟುವ ಸದ್ದಿನ ಮಹತ್ವವನ್ನು ಚೆನ್ನಾಗಿ ಗುರುತಿಸಿದ್ದಾನೆ. ಕೊಲೆಯ ಕತ್ತಲಲ್ಲಿ ನಿಂತುಹೋಗಿದ್ದ ಲೋಕವ್ಯಾಪಾರ ಆ ಸದ್ದಿನೊಂದಿಗೆ ಮತ್ತೆ ಚಲಿಸತೊಡಗುತ್ತದೆ. ಅವನು ಸದ್ದನ್ನು ಕೇಳಿದ, ಬಾಗಿಲು ತೆರೆಯುವವನ ಕಡೆ ಅಷ್ಟಾಗಿ ತಿರುಗಲಿಲ್ಲ. ಒಳಗೆ ನಡೆದದ್ದು ಏನೆಂದು ತಿಳಿಯದೆಯೂ ಅದು ನರಕವೆಂದು ಸರಿಯಾಗಿ ಹೇಳಿದವನು ಆ ಮನೆಯಲ್ಲಿ ಅವನೊಬ್ಬನೇ. ಪೋರ್ಟರನ ಹೆಸರಿನಲ್ಲಿಯೂ ಬಾಗಿಲೇ ಇದೆ. ಲ್ಯಾಟಿನ್ನಿನ 'ಪೋರ್ತಾ' ಎಂದರೆ ಹೆಬ್ಬಾಗಿಲು. ರೈಲು ನಿಲ್ದಾಣದಲ್ಲಿ ನಮ್ಮ ಪೆಟ್ಟಿಗೆ ಹೊರುವ ಪೋರ್ಟರ್ ಬೇರೆ. ಅವನು 'ಹೊರು' ಎಂಬ ಅರ್ಥದ ಧಾತುವಿನಿಂದ ಬಂದವನು. ಇಬ್ಬರಿಗೂ ಒಂದೇ ಹೆಸರಾದದ್ದು ಇಂಗ್ಲಿಷಿನ ಸೋಜಿಗ. ಬೆಂಗಳೂರಿನ ಪಾನಗೃಹಗಳ ಬಾಗಿಲಲ್ಲಿ ಈಗ 'ಬೌನ್ಸರ್' ಎಂಬ ಇನ್ನೊಬ್ಬ ದಾಂಡಿಗನಿದ್ದಾನೆ. ನಮ್ಮ ಹುಡುಗರಿಗೆ ಆ ಪದ ಕ್ರಿಕೆಟ್ ಚೆಂಡಿನಿಂದಲೇ ಪರಿಚಯವಾದದ್ದರಿಂದ ಅವನ ವಿಷಯ ಬೇಡ.

'ವಾಚ್‌ಮನ್' ಎಂಬ ಪದಕ್ಕೆ ಬಂದರೆ ಅದು ಸೆಕ್ಯುರಿಟಿಗೆ ನೇರ ವಿರುದ್ಧ. ವಾಚ್ ಎಂಬುದೂ ವೇಕ್, ಅಂದರೆ ಎಚ್ಚರವಾಗಿರು ಎಂಬುದೂ ಒಂದೇ ಬೇರಿನವು. ವಾಚ್‌ಮನ್ ಎಂದರೆ ಎದ್ದಿರುವ ಮನುಷ್ಯ. ಕಾಡಂಚಿನ ನಮ್ಮ ಕಡೆ ಅರಣ್ಯ ಇಲಾಖೆಯ 'ವಾಚರ್' ಎಂಬ ಪದ ಮನೆಮಾತು. ಆನೆ ಇಳಿಯುವ ದಾರಿಯಲ್ಲಿ ರಾತ್ರಿ ಎಚ್ಚರವಿರುವವನಿಗೆ ಅದು ಒಪ್ಪುವ ಹೆಸರು. ರಾಗಿ ಹೊಲದಲ್ಲಿ ಅಟ್ಟಣೆ ಕಟ್ಟಿಕೊಂಡು ತಮಟೆ, ಪಂಜು ಹಿಡಿದು ಕೂತ ರೈತನನ್ನು ಕೇಳಿದರೆ ಮಾತ್ರ ಅವನು ವಾಚಿಂಗ್ ಎನ್ನುವುದಿಲ್ಲ. "ಕಾಯ್ತಾ ಇವ್ನಿ" ಎನ್ನುತ್ತಾನೆ.

ಈ 'ಕಾಯು' ಎಂಬ ಧಾತುವಿನ ಬಳಿ ಸ್ವಲ್ಪ ನಿಲ್ಲಬೇಕು. ಕನ್ನಡದಲ್ಲಿ ಕಾಯುವುದು ಎಂದರೆ ರಕ್ಷಿಸುವುದು. ಕಾಯುವುದು ಎಂದರೆ ಯಾರಿಗಾಗಿಯೋ ಹಾದಿ ನೋಡುತ್ತ ಕೂರುವುದು. ದೇವರು ಕಾಯುತ್ತಾನೆ, ಬಸ್ಸಿಗೆ ನಾವು ಕಾಯುತ್ತೇವೆ. ಇಂಗ್ಲಿಷಿನಲ್ಲಿಯೂ 'ವೇಟ್' ಎಂಬುದಕ್ಕೆ ಮೊದಲು ಕಾವಲಿರು ಎಂಬ ಅರ್ಥವಿತ್ತು. ಅದು ಫ್ರೆಂಚಿನ ಮೂಲಕ ಬಂದ, ವಾಚ್ ಪದದ ದಾಯಾದಿಯೇ. ಅಲ್ಲಿ ಅರ್ಥಗಳು ಮನೆ ಪಾಲು ಮಾಡಿಕೊಂಡವು, ಇಲ್ಲಿ ಇನ್ನೂ ಒಂದೇ ಒಲೆಯಲ್ಲಿ ಉಣ್ಣುತ್ತಿವೆ. 'ಬಾಗಿಲು ಕಾಯುವುದು' ಎಂಬ ನಮ್ಮ ನುಡಿಯನ್ನೇ ನೋಡಿ. ದೊಡ್ಡವರ ಮನೆಯ ಕಾವಲಿನವನೂ ಬಾಗಿಲು ಕಾಯುತ್ತಾನೆ, ಕೆಲಸಕ್ಕಾಗಿ ಅರ್ಜಿ ಹಿಡಿದು ಹೊರಗೆ ನಿಂತ ಬಡವನೂ ಬಾಗಿಲು ಕಾಯುತ್ತಾನೆ. ಬಾಗಿಲ ಎರಡು ಮಗ್ಗುಲಲ್ಲಿ ನಿಂತ ಇಬ್ಬರಿಗೂ ಕನ್ನಡ ಒಂದೇ ಕ್ರಿಯಾಪದವನ್ನು ಕೊಟ್ಟಿದೆ.

ಹಳಬರು ಬಾಗಿಲಿನವನಿಗೆ ಹೆಸರಿಟ್ಟಾಗ ಕಣ್ಣಿಗೆ ಕಂಡದ್ದನ್ನೇ ಹಿಡಿದರು. ಕಂಡದ್ದು ಕೈಯಲ್ಲಿದ್ದ ಕೋಲು. ಹಳಗನ್ನಡದಲ್ಲಿ ಅವನು 'ಕಟ್ಟಿಗೆಕಾಱ'. ಇಂದು ಕಟ್ಟಿಗೆ ಒಲೆಗೆ ಹೋಗುವ ಸೌದೆಯಾಗಿದೆ, ಅಂದು ಅಧಿಕಾರದ ದಂಡವಾಗಿತ್ತು. ಪಾರಸಿಯಲ್ಲಿ 'ಚೋಬ್' ಎಂದರೆ ಮರ, ಕೋಲು. ಅದನ್ನು ಹಿಡಿದವನು 'ಚೋಬದಾರ'. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನ ಪ್ರತೀಹಾರಿಯ ಹೆಸರು ವೇತ್ರವತಿ, ಎಂದರೆ ಬೆತ್ತ ಹಿಡಿದವಳು. ಒಬ್ಬರನ್ನೊಬ್ಬರು ಕೇಳದೆ ಮೂರು ಭಾಷೆಗಳು ಒಂದೇ ಚಿತ್ರವನ್ನು ಬರೆದಿವೆ. ವೇತ್ರವತಿ ಹೆಂಗಸೆಂಬುದನ್ನು ಮರೆಯಬಾರದು. ಬಾಣನ ಕಾದಂಬರಿಯಲ್ಲಿ ಶೂದ್ರಕ ರಾಜನ ಆಸ್ಥಾನಕ್ಕೆ ಗಿಳಿಯನ್ನು ತಂದ ಚಂಡಾಲಕನ್ಯೆಯ ಸುದ್ದಿಯನ್ನು ಒಳಗೆ ಮುಟ್ಟಿಸುವವಳೂ ಪ್ರತೀಹಾರಿಯೇ. ಆ ಹೆಣ್ಣನ್ನು ಅವಳು ಬಾಗಿಲಲ್ಲೇ ಗದರಿಸಿ ಕಳಿಸಿದ್ದರೆ ಬಾಣನಿಗೂ ಕಥೆಯಿರಲಿಲ್ಲ, ಅದನ್ನು ಕನ್ನಡಿಸಿದ ನಾಗವರ್ಮನಿಗೂ ಇರಲಿಲ್ಲ.

ಈ ಪ್ರತೀಹಾರ ಶಬ್ದ ಪ್ರಾಕೃತದಲ್ಲಿ 'ಪಡಿಹಾರ'ವಾಗಿ ಹಳಗನ್ನಡದಲ್ಲಿ 'ಪಡಿಯಱ' ಎಂದು ಇಳಿಯಿತು. ಕನ್ನಡದಲ್ಲಿ 'ಪಡಿ' ಎಂದರೆ ಬಾಗಿಲ ಕದ ಎಂಬ ಅರ್ಥವೂ ಇರುವುದರಿಂದ, ಪಡಿಯ ಬಳಿ ಇರುವವನು ಪಡಿಯಱ ಎಂದು ಬಿಡಿಸುವ ಆಸೆ ನನ್ನ ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಬರುತ್ತದೆ. ಸೊಗಸಾಗಿದೆ, ಆದರೆ ಸರಿಯಲ್ಲ. ಪ್ರತೀಹಾರ ಪದಕ್ಕೆ ಒಂದು ರಾಜವಂಶದ ಗೌರವವೂ ಸಂದಿತ್ತು. ಉತ್ತರದ ಪ್ರತೀಹಾರರು ತಮ್ಮ ಗ್ವಾಲಿಯರ್ ಶಾಸನದಲ್ಲಿ, ಅಣ್ಣನಾದ ರಾಮನಿಗೆ ಪ್ರತೀಹಾರನಾಗಿ ನಿಂತ ಲಕ್ಷ್ಮಣನ ವಂಶದವರೆಂದು ಹೆಮ್ಮೆಪಟ್ಟಿದ್ದಾರೆ. ಅವರ ಹಗೆಗಳಾದ ನಮ್ಮ ರಾಷ್ಟ್ರಕೂಟರು ಬಿಟ್ಟಾರೆಯೆ? ಅಮೋಘವರ್ಷನ ಕಾಲದ, 871ರ ಸಂಜಾನ್ ತಾಮ್ರಪಟದಲ್ಲಿ, ಉಜ್ಜಯಿನಿಯಲ್ಲಿ ಹಿರಣ್ಯಗರ್ಭ ದಾನ ನಡೆದಾಗ ಗುರ್ಜರ ದೊರೆಯನ್ನೇ ಪ್ರತೀಹಾರನನ್ನಾಗಿ, ಅಂದರೆ ಬಾಗಿಲು ಕಾಯುವವನನ್ನಾಗಿ, ನಿಲ್ಲಿಸಿದರೆಂದು ಬರೆಸಿದ್ದಾರೆ. ಅದು ದಂತಿದುರ್ಗನ ಕಾಲದ ಸಂಗತಿಯೆಂದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಕುಲನಾಮವನ್ನು ಹುದ್ದೆಯ ಅರ್ಥಕ್ಕೆ ಎಳೆದು ಮಾಡಿದ ಈ ಶ್ಲೇಷೆಯ ಹಿಂದೆ ಎಷ್ಟು ರಕ್ತ ಹರಿದಿತ್ತೋ! ಒಂದೇ ಪದ ಒಬ್ಬರಿಗೆ ಕಿರೀಟ, ಇನ್ನೊಬ್ಬರ ಬಾಯಲ್ಲಿ ಬೈಗುಳ.

ಕಚೇರಿಯ ಹೆಸರುಗಳಲ್ಲೂ ಮನುಷ್ಯನ ಗುರುತು ಒಂದಿಷ್ಟು ಉಳಿದಿತ್ತು. 'ಜವಾನ' ಪಾರಸಿಯ ಯುವಕ, ನಮ್ಮ ಸಂಸ್ಕೃತದ ಯುವನ್ ಶಬ್ದದ ಸೋದರ. ನಿವೃತ್ತಿಯ ಹಿಂದಿನ ದಿನವೂ ಅವನು ಯುವಕನೇ. 'ಪೇದೆ'ಯೂ 'ಪ್ಯೂನ್' ಎಂಬುದೂ, ಒಂದು ಪಾರಸಿಯಿಂದ, ಇನ್ನೊಂದು ಪೋರ್ಚುಗೀಸಿನಿಂದ ಬಂದರೂ, ಕಾಲ್ನಡೆಯವನೆಂಬ ಒಂದೇ ಅರ್ಥದವು. ಪಾರಸಿಯ 'ದರ್', ಇಂಗ್ಲಿಷಿನ 'ಡೋರ್', ಸಂಸ್ಕೃತದ 'ದ್ವಾರ' ಒಂದೇ ಮನೆಯ ಮಕ್ಕಳು. ಬಾಗಿಲವನು 'ದರ್ವಾನ'ನಾದ, ರಾಜನ 'ದರ್ಬಾರಿ'ಗೂ ಹೆಸರು ಬಂದದ್ದು ಅದೇ ಬಾಗಿಲಿನಿಂದ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇಂಗ್ಲಿಷಿನ 'ಅಷರ್'. ಸಭೆಗೆ, ಚಿತ್ರಮಂದಿರಕ್ಕೆ ಬಂದವರನ್ನು ಆಸನಕ್ಕೆ ಕರೆದೊಯ್ಯುವವನು ಅವನು. ಮೂಲದಲ್ಲಿ ಅವನು ಲ್ಯಾಟಿನ್ನಿನ 'ಓಸ್ತಿಯಾರಿಯುಸ್', ದ್ವಾರಪಾಲಕ. ಬಾಗಿಲೆಂಬ ಅರ್ಥದ 'ಓಸ್ತಿಯುಮ್' ಬಂದದ್ದು ಬಾಯಿ ಎಂಬ ಅರ್ಥದ 'ಓಸ್' ಎಂಬುದರಿಂದ. ಕನ್ನಡದ ಬಾಗಿಲು, ತಮಿಳಿನ ವಾಯಿಲ್ ಇವುಗಳ ಒಳಗೂ ಕೂತಿರುವುದು ಬಾಯಿಯೇ. ರೋಮಿನವನಿಗೂ ನಮ್ಮವನಿಗೂ ಮನೆ ಬಾಯಿ ತೆರೆದ ಜೀವದಂತೆ ಕಂಡಿತು. ಈ ಅಷರ್ ಎಂಬ ಪದವನ್ನು ಹಿಂದೆ ಇಂಗ್ಲೆಂಡಿನ ಶಾಲೆಗಳಲ್ಲಿ ಕಿರಿಯ ಉಪಾಧ್ಯಾಯನಿಗೂ ಬಳಸುತ್ತಿದ್ದರು. ಕವಿ ಗೋಲ್ಡ್‌ಸ್ಮಿತ್ ಪೆಕ್‌ಹ್ಯಾಮಿನ ಒಂದು ಶಾಲೆಯಲ್ಲಿ ಅಷರ್ ಆಗಿ ಸಾಕಷ್ಟು ಕಷ್ಟಪಟ್ಟವನು. ಆದ್ದರಿಂದ ಮೇಷ್ಟರಾದ ನಾವು ಬಾಗಿಲಿನವನನ್ನು ಕಂಡು ಮೂಗು ಮುರಿಯುವ ಹಾಗಿಲ್ಲ. ಒಂದು ಕಾಲಕ್ಕೆ ಇಬ್ಬರದೂ ಒಂದೇ ಹುದ್ದೆ.

ಹಾಗೆಂದು ಹಳೆಯ ಕಾಲದಲ್ಲಿ ದ್ವಾರಪಾಲಕನ ಬಾಳು ಹೂವಿನ ಹಾಸಿಗೆಯಾಗಿತ್ತೆಂದು ನಾನು ಹೇಳುತ್ತಿಲ್ಲ. ಹಳೆಬೀಡಿನ ಶಿಲ್ಪಿ ದ್ವಾರಪಾಲಕನ ಮೈಮೇಲೆ ಹೇರಿದ ಆಭರಣವನ್ನು ನೋಡಿ ಮರುಳಾಗಬಾರದು. ಪುರಾಣದ ಜಯ ವಿಜಯರ ಕಥೆಯನ್ನು ನೆನೆಯಿರಿ. ವೈಕುಂಠದ ಬಾಗಿಲಿಗೆ ಸನಕಾದಿಗಳು ಬರಿಮೈ ಬಾಲಕರ ರೂಪದಲ್ಲಿ ಬಂದರು. ಗುರುತು ಸಿಕ್ಕದೆ ಇವರು ತಡೆದರು. ತಡೆಯುವುದೇ ಅವರ ಕೆಲಸ. ಅದಕ್ಕೆ ಸಿಕ್ಕಿದ್ದು ಶಾಪ, ಮೂರು ಜನ್ಮ ರಾಕ್ಷಸತ್ವ ಮತ್ತು ವೈರ. ಹಿರಣ್ಯಕಶಿಪು, ರಾವಣ, ಶಿಶುಪಾಲ ಮೊದಲಾದ ದೊಡ್ಡ ದೊಡ್ಡ ಖಳರೆಲ್ಲ ಕರ್ತವ್ಯ ಮಾಡಿ ಕೆಟ್ಟ ಬಾಗಿಲಿನವರೇ. ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯವೊಂದರಲ್ಲಿ ಕಾವಲಿಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಊರಿಗೆ ಬಂದಾಗ ಈ ಕಥೆಯ ಮಾತು ಬಂತು. ಅವನು ನಕ್ಕು, "ಕಾರ್ ನಿಲ್ಸಿದ್ರೆ ಓನರ್ ಬಯ್ತಾರೆ, ನಿಲ್ಸ್‌ದಿದ್ರೆ ಸೂಪರ್ವೈಸರ್ ಬಯ್ತಾರೆ ಸಾರ್" ಎಂದ. ಬಂದವರ ಹೆಸರು, ಊರು, ಹೊತ್ತು ಎಲ್ಲವನ್ನೂ ಪುಸ್ತಕದಲ್ಲಿ ಬರೆಸಿಕೊಳ್ಳುವ ಆ ಹುಡುಗನ ಹೆಸರು ಅಲ್ಲಿ ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದೆ. ಬೆರಳು ಮಡಿಸಿ ಎಣಿಸಿದ. ಒಂದು ಕೈ ಸಾಕಾಯಿತು.

ಕಾನೂನು ಇವನನ್ನು ಮರೆತಿಲ್ಲ. ಖಾಸಗಿ ಭದ್ರತಾ ಏಜೆನ್ಸಿಗಳನ್ನು ನಿಯಂತ್ರಿಸುವ ಕೇಂದ್ರದ ಅಧಿನಿಯಮ 2005ರಲ್ಲಿ ಬಂತು. ಏಜೆನ್ಸಿಗೆ ಪರವಾನಗಿ ಬೇಕು, ಕಾವಲಿನವನಿಗೆ ತರಬೇತಿ ಬೇಕು, ಭಾವಚಿತ್ರದ ಗುರುತುಚೀಟಿ ಬೇಕು ಎಂದು ಅದು ವಿಧಿಸುತ್ತದೆ. ನಮ್ಮ ಪತ್ರಿಕೆಗಳು ಕನ್ನಡಿಸಿಕೊಂಡದ್ದು 'ಭದ್ರತಾ ಸಿಬ್ಬಂದಿ' ಎಂದು. ಭದ್ರ ಎಂದರೆ ಸಂಸ್ಕೃತದಲ್ಲಿ ಮಂಗಳ, ಕನ್ನಡದ ಬಳಕೆಯಲ್ಲಿ ಗಟ್ಟಿ, ಜೋಪಾನ. ಸಿಬ್ಬಂದಿ ಪಾರಸಿಯಿಂದ ಬಂದದ್ದು. ಕಂದಾಯ ವಸೂಲಿಗೆ ತಾತ್ಕಾಲಿಕವಾಗಿ ಕೂಡಿಸಿಕೊಂಡ ದಂಡಿಗೆ ಹಿಂದೆ ಆ ಹೆಸರು. ತಾತ್ಕಾಲಿಕ ಎಂಬ ಅರ್ಥವೊಂದು ಇವನ ನೌಕರಿಗೆ ಚೆನ್ನಾಗಿ ಹೊಂದುತ್ತದೆ. ಆದರೆ 'ಭದ್ರತಾ ಸಿಬ್ಬಂದಿ' ಎಂದು ಯಾರೂ ಯಾರನ್ನೂ ಕೂಗಿ ಕರೆದದ್ದನ್ನು ನಾನು ಕೇಳಿಲ್ಲ. ಅದು ಅಚ್ಚಿನ ಮೊಳೆಯಲ್ಲಿ ಹುಟ್ಟಿ ಅಲ್ಲೇ ಬದುಕುವ ಪದ.

ಇಷ್ಟೆಲ್ಲ ಹೇಳಿದ ಮೇಲೆ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಪೊಲೀಸ್ ಎಂಬುದೂ ಮೂಲದಲ್ಲಿ ವ್ಯವಸ್ಥೆಯ ಹೆಸರೇ, ವ್ಯಕ್ತಿಯದಲ್ಲ. "ಒಬ್ಬ ಪೊಲೀಸ್ ಬಂದ" ಎಂದು ನಾವು ಹೇಳುತ್ತಿಲ್ಲವೆ? ನಿಜ. ಆದರೆ ಅವನಿಗೆ ಕಾನ್‌ಸ್ಟೇಬಲ್ ಎಂಬ ಇನ್ನೊಂದು ಹೆಸರಿದೆ, ಎದೆಯ ಮೇಲೆ ತನ್ನದೇ ಹೆಸರಿನ ಪಟ್ಟಿಯಿದೆ, ಬಯ್ಯುವವರು ಎರಡು ಸಲ ಯೋಚಿಸುತ್ತಾರೆ. ಎರಡನೆಯ ಆಕ್ಷೇಪ ಹೆಚ್ಚು ಹರಿತವಾದದ್ದು: ಇಂಗ್ಲಿಷನ್ನೇಕೆ ದೂರುವಿರಿ, ಕನ್ನಡವೇನು ಸಾಚಾ? ನಮ್ಮ ಹಳೆಯ ಜಮೀನ್ದಾರಿ ಮನೆಗಳಲ್ಲಿ "ಆಳುಗಳು ಬಂದವು", "ಆಳು ಊಟ ಮಾಡಿತು" ಎನ್ನುತ್ತಿದ್ದುದುಂಟು. ದುಡಿಯುವ ಗಂಡಸು ಹೆಂಗಸರನ್ನು ಎತ್ತು ಎಮ್ಮೆಗಳ ಸಾಲಿಗೆ, ನಪುಂಸಕ ಲಿಂಗಕ್ಕೆ, ದೂಡಿದ ಪ್ರಯೋಗ ಅದು. ಆಳುವವನಿಗೂ ಆಳಿಗೂ ಒಂದೇ ಉಚ್ಚಾರವಿಟ್ಟುಕೊಂಡ ಭಾಷೆಯೇ ಹೀಗೆ ಮಾಡಿತು. ಇದನ್ನು ನಾನು ಅಲ್ಲಗಳೆಯುವುದಿಲ್ಲ.

ಅದಕ್ಕಾಗಿಯೇ ಇಂದಿನ ಪ್ರಯೋಗ ನನಗೆ ಕುತೂಹಲಕರವಾಗಿ ಕಾಣುತ್ತದೆ. ಕನ್ನಡದ ಲಿಂಗ ಸಂಸ್ಕೃತದ ಹಾಗೆ ಶಬ್ದಕ್ಕೆ ಅಂಟಿದ್ದಲ್ಲ, ಅರ್ಥಕ್ಕೆ ಅಂಟಿದ್ದು. ಗಂಡಸಾದರೆ ಪುಲ್ಲಿಂಗ, ಹೆಂಗಸಾದರೆ ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಕೇಶಿರಾಜನ ಕಾಲದಿಂದ ಇದು ವ್ಯಾಕರಣದ ಮೊದಲ ಪಾಠ. ಈಗ ಈ ಎರಡು ವಾಕ್ಯಗಳನ್ನು ಕೇಳಿ. "ಮಂತ್ರಿಗಳ ಮನೆಗೆ ಸೆಕ್ಯುರಿಟಿ ಬಂತು." "ನಮ್ಮ ಗೇಟಿಗೆ ಹೊಸ ಸೆಕ್ಯುರಿಟಿ ಬಂದ." ಮೊದಲನೆಯದು ವ್ಯವಸ್ಥೆ, ಎರಡನೆಯದು ಮನುಷ್ಯ. ಯಾರೂ ಕಲಿಸದೆ, ಯಾವ ಸಮಿತಿಯೂ ಕೂರದೆ ನಮ್ಮ ಜನ ಈ ಭೇದವನ್ನು ಮಾಡಿಕೊಂಡಿದ್ದಾರೆ. ಹೆಂಗಸಾದರೆ "ಸೆಕ್ಯುರಿಟಿ ಬಂದಳು" ಎಂದೂ, ವಯಸ್ಸಾದವರಾದರೆ "ಬಂದರು" ಎಂದೂ ತಿದ್ದಿಕೊಳ್ಳುತ್ತಾರೆ. ಇಂಗ್ಲಿಷ್ ನಾಮಪದ ನುಂಗಿದ ಮನುಷ್ಯನನ್ನು ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿ ಹೊರಗೆಳೆಯುತ್ತಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂತು, ಎಂಟನೆಯದು 1995ರಲ್ಲಿ. ಅಲ್ಲಿಂದೀಚೆಗೆ ಬಳಕೆಗೆ ಬಂದ ಪದಗಳನ್ನು ಯಾರಾದರೂ ಕೂಡಿಸುವುದಾದರೆ, 'ಸೆಕ್ಯುರಿಟಿ' ಎಂಬುದನ್ನು ಒಂದೇ ನಮೂದಿನಲ್ಲಿ ಮುಗಿಸಬಾರದೆಂದು ನನ್ನ ಅರಿಕೆ. ಕಾವಲಿನ ಏರ್ಪಾಡು ಎಂಬ ಅರ್ಥಕ್ಕೆ ನಪುಂಸಕ ಲಿಂಗವೆಂದು ಬರೆದು ಒಂದು ನಮೂದು. ಬಾಗಿಲು ಕಾಯುವವನು, ಕಾಯುವವಳು ಎಂಬ ಅರ್ಥಕ್ಕೆ ಪುಲ್ಲಿಂಗ, ಸ್ತ್ರೀಲಿಂಗವೆಂದು ಬರೆದು ಇನ್ನೊಂದು. ಪ್ರಯೋಗಕ್ಕೆ ಉದಾ.: "ಬೆಂಗ್ಳೂರ್ನಲ್ಲಿ ಸೆಕೂರಿಟಿ ಆಗವ್ನೆ." ಮೈಸೂರು ಸೀಮೆ, ಆಡುಮಾತು.